ಸಿಂಗಪುರ ಕ್ರೂಸ್‌ನ ದಡದ ಟೂರ್‌ಗಳು: ಮಕ್ಕಳಿರುವ ಮನೆಗೆ ಯಾವುದು ಸರಿ, ಯಾವುದು ಬೇಡ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಟ್ರಾವೆಲ್ ಏಜೆಂಟರು ಬೇಸಿಗೆ ರಜೆಗೂ ದಸರಾ ರಜೆಗೂ ಮಾರುವ ಪ್ಯಾಕೇಜ್‌ಗಳಲ್ಲಿ ಈಗ ಸಿಂಗಪುರದಿಂದ ಹೊರಡುವ ಮೂರು-ನಾಲ್ಕು ರಾತ್ರಿಯ ಕ್ರೂಸ್ ಕೂಡ ಸೇರಿದೆ. ಕರಪತ್ರದಲ್ಲಿ ಹಡಗಿನ ಚಿತ್ರ ದೊಡ್ಡದಾಗಿರುತ್ತದೆ. ಜಾರುಬಂಡೆ, ಈಜುಕೊಳ, ಬಫೆ ಎಲ್ಲವೂ ಕಾಣುತ್ತವೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಶೋರ್ ಎಕ್ಸ್‌ಕರ್ಷನ್ ಪ್ರತ್ಯೇಕ’ ಎಂದಿರುತ್ತದೆ, ಅಂದರೆ ಬಂದರಿನಲ್ಲಿ ಇಳಿದು ಸುತ್ತುವ ಟೂರ್‌ಗೆ ಬೇರೆ ದುಡ್ಡು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಪ್ರವಾಸ ಸುಖವಾಗುತ್ತದೋ ಸುಸ್ತಾಗುತ್ತದೋ ಎಂಬುದು ನಿರ್ಧಾರವಾಗುವುದು ಆ ಸಣ್ಣ ಸಾಲಿನಲ್ಲಿ. ಹಡಗಿನ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಚೆನ್ನಾಗಿಯೇ ಇರುತ್ತದೆ. ಬಂದರಿನಲ್ಲಿ ಇಳಿದ ಮೇಲೆ ಬಿಸಿಲು, ಸಾಲು, ಬಸ್ಸು, ಹಸಿವು, ಗಡಿಯಾರ ಎಲ್ಲವೂ ನಿಮ್ಮ ತಲೆಯ ಮೇಲೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹತ್ತು ವರ್ಷದೊಳಗಿನ ಮಕ್ಕಳಿದ್ದರೆ, ಈ ಹಡಗುಗಳು ನಿಲ್ಲುವ ಬಂದರುಗಳಲ್ಲಿ ಮಲೇಷ್ಯಾದ ಪೆನಾಂಗ್‌ನಲ್ಲಿ ಇಳಿಯಿರಿ, ಟೂರ್ ಕೊಳ್ಳದೆ ನಡೆದೇ ಸುತ್ತಿ. ಥಾಯ್ಲೆಂಡಿನ ಫುಕೆಟ್‌ನಲ್ಲಿ ಬಂದರಿಗೆ ಹತ್ತಿರದ ಅರ್ಧ ದಿನದ ಟೂರ್ ಸಾಕು, ಸ್ಪೀಡ್‌ಬೋಟ್ ಬೇಡ. ಮಲೇಷ್ಯಾದ ಪೋರ್ಟ್ ಕ್ಲಾಂಗ್‌ನಿಂದ ಕ್ವಾಲಾಲಂಪುರಕ್ಕೆ ಹೋಗಲೇಬೇಕೆಂದಿದ್ದರೆ ಹಡಗಿನ ಬಸ್ಸಿನಲ್ಲೇ ಹೋಗಿ, ಇಲ್ಲವಾದರೆ ಆ ದಿನ ಹಡಗಿನಲ್ಲೇ ಉಳಿಯಿರಿ. ಎಲ್ಲರೂ ಇಳಿದು ಹೋದ ದಿನ ಈಜುಕೊಳವೂ ಜಾರುಬಂಡೆಯೂ ಖಾಲಿ ಇರುತ್ತವೆ. ಮಕ್ಕಳಿಗೆ ಇಡೀ ಪ್ರವಾಸದಲ್ಲಿ ಅದೇ ಅತಿ ಒಳ್ಳೆಯ ದಿನವೂ ಆಗಬಹುದು.

ಹಡಗಿನ ಮಟ್ಟಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇವುಗಳಲ್ಲಿ ಒಂದಾದ ಗೆಂಟಿಂಗ್ ಡ್ರೀಮ್ 2016ರಲ್ಲಿ ನೀರಿಗಿಳಿದ, 335 ಮೀಟರ್ ಉದ್ದದ ಹಡಗು. ಭಾರತೀಯ ಸಸ್ಯಾಹಾರ ಮತ್ತು ಜೈನ ಊಟದ ವ್ಯವಸ್ಥೆ ಅದರಲ್ಲಿದೆ. ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳಲ್ಲಿ ಮಕ್ಕಳ ಕ್ಲಬ್ 3 ವರ್ಷದಿಂದ ಶುರು. ಮಗು ಡೈಪರ್ ಬಿಟ್ಟಿರಬೇಕು. ಡೈಪರ್ ಹಾಕುವ ಮಕ್ಕಳನ್ನು, ಈಜುವ ಡೈಪರ್ ಹಾಕಿದ್ದರೂ, ದೊಡ್ಡ ಈಜುಕೊಳಕ್ಕೆ ಬಿಡುವುದಿಲ್ಲ. ಎರಡು ವರ್ಷದ ಮಗುವಿಗೆ ನೀರಾಟ ತೋರಿಸಬೇಕೆಂದು ಹೊರಟವರು ಇದನ್ನು ಬುಕ್ ಮಾಡುವ ಮೊದಲೇ ಕೇಳಿಕೊಳ್ಳಬೇಕು. ಇಂಥ ಪ್ರಯಾಣಗಳಿಗೆ ಸಾಮಾನ್ಯವಾಗಿ 6 ತಿಂಗಳೊಳಗಿನ ಕೂಸನ್ನೂ 24 ವಾರ ತುಂಬಿದ ಗರ್ಭಿಣಿಯರನ್ನೂ ಹತ್ತಿಸಿಕೊಳ್ಳುವುದಿಲ್ಲ. ನಾಲ್ಕು ಜನರ ಕ್ಯಾಬಿನ್‌ನಲ್ಲಿ ಎರಡು ಹಾಸಿಗೆ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಬೀಳುವ ಬರ್ತ್‌ಗಳಾಗಿರುತ್ತವೆ. ಆರು ವರ್ಷದೊಳಗಿನವರನ್ನು ಅಲ್ಲಿ ಮಲಗಿಸಬೇಡಿ. ಅಜ್ಜ-ಅಜ್ಜಿ ಜೊತೆಗಿದ್ದರೆ ಒಂದೇ ಕ್ಯಾಬಿನ್‌ಗೆ ತುರುಕದೆ ಅಕ್ಕಪಕ್ಕದ ಎರಡು ಕ್ಯಾಬಿನ್ ಕೇಳಿ. ಕೆಳಗಿನ ಡೆಕ್‌ನ ನಡುಭಾಗದ ಕ್ಯಾಬಿನ್ ಅಗ್ಗವೂ ಹೌದು, ಅಲುಗಾಟವೂ ಕಡಿಮೆ.

ಗಂಟೆಗಳ ಲೆಕ್ಕ

ಕರಪತ್ರದಲ್ಲಿ ‘ಬಂದರಿನಲ್ಲಿ ಬೆಳಗ್ಗೆ 8ರಿಂದ ಸಂಜೆ 5’ ಎಂದಿದ್ದರೆ ನಮ್ಮವರು ಒಂಬತ್ತು ಗಂಟೆ ಸಿಕ್ಕಿತು ಅಂದುಕೊಳ್ಳುತ್ತಾರೆ. ಆ ಒಂಬತ್ತು ಹೇಗೆ ಕರಗುತ್ತದೆ ನೋಡಿ. ಎಂಟಕ್ಕೆ ಹಡಗು ಕಟ್ಟೆಗೆ ಬರುತ್ತದೆ, ಆದರೆ ಅಲ್ಲಿನ ಅಧಿಕಾರಿಗಳು ಅನುಮತಿ ಕೊಡುವವರೆಗೆ ಗ್ಯಾಂಗ್‌ವೇ (ಹಡಗಿನಿಂದ ಇಳಿಯುವ ದಾರಿ) ತೆರೆಯುವುದಿಲ್ಲ. ಅದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಮೂರು ಸಾವಿರ ಜನ ಒಟ್ಟಿಗೆ ಲಿಫ್ಟ್ ಮುಂದೆ ನಿಲ್ಲುತ್ತಾರೆ. ಇಮಿಗ್ರೇಷನ್ ಸಾಲು ದಾಟಿ ಬಸ್ಸು ಹತ್ತುವಾಗ ಒಂಬತ್ತೂವರೆ. ಸಂಜೆ 5ಕ್ಕೆ ಹೊರಡುವ ಹಡಗಿಗೆ ಎಲ್ಲರೂ 4 ಅಥವಾ 4:30ಕ್ಕೇ ಒಳಗಿರಬೇಕು. ಈ ಸಮಯವನ್ನು ‘ಆಲ್ ಅಬೋರ್ಡ್’ ಎಂದು ಬರೆದಿರುತ್ತಾರೆ. ಮಕ್ಕಳಿರುವವರು ಅದಕ್ಕೂ ಒಂದು ಗಂಟೆ ಮೊದಲು ಬಂದರು ಸೇರಬೇಕು. ಅಲ್ಲಿಗೆ ಉಳಿದದ್ದು ಒಂಬತ್ತೂವರೆಯಿಂದ ಮೂರು ಅಥವಾ ಮೂರೂವರೆ, ಅಂದರೆ ಆರು ಗಂಟೆಯೊಳಗೆ. ಊಟ, ಶೌಚಾಲಯ, ಒಂದು ಮಗುವಿನ ಅಳು ಕಳೆದರೆ ನಿಜವಾಗಿ ನೋಡಲು ಸಿಗುವುದು ನಾಲ್ಕು ಗಂಟೆ. ಈ ನಾಲ್ಕು ಗಂಟೆಯಲ್ಲಿ ಹೋಗಿಬರುವ ದಾರಿಗೆ ಎಷ್ಟು ಹೋಗುತ್ತದೆ ಎಂಬುದೇ ಟೂರ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ. ಜಾಗ ಎಷ್ಟು ಪ್ರಸಿದ್ಧ ಎಂಬುದು ಆಮೇಲಿನದು.

ಇನ್ನೊಂದು ವಿಷಯವನ್ನು ಏಜೆಂಟರು ಹೇಳುವುದಿಲ್ಲ. ಸಿಂಗಪುರ ಮತ್ತು ಮಲೇಷ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಗ್ಗೆ ಆರೂವರೆಗೆ ಎಬ್ಬಿಸಿದರೆ ಮಗುವಿನ ಮೈಗೆ ಅದು ನಸುಕಿನ ನಾಲ್ಕು ಗಂಟೆ. ಮೊದಲ ಎರಡು ದಿನ ಬೆಳಗ್ಗೆ ಎಂಟಕ್ಕೇ ಹೊರಡುವ ಟೂರ್ ಹಿಡಿದರೆ ಮಕ್ಕಳು ಬಸ್ಸಿನಲ್ಲಿ ನಿದ್ದೆ ಹೋಗಿ, ಇಳಿಯುವ ಜಾಗದಲ್ಲಿ ರಚ್ಚೆ ಹಿಡಿಯುತ್ತಾರೆ. ಒಂದೇ ಟೂರ್ ಬೇರೆ ಬೇರೆ ಸಮಯಕ್ಕಿದ್ದರೆ ತಡವಾದದ್ದನ್ನೇ ಆರಿಸಿ. ಇದೇ ಕಾರಣಕ್ಕೆ, ವಿಮಾನ ಇಳಿದ ದಿನವೇ ಹಡಗು ಹತ್ತುವ ಪ್ಯಾಕೇಜ್ ಬೇಡ. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆಯ ಹಾರಾಟ, ಬಹಳಷ್ಟು ವಿಮಾನ ರಾತ್ರಿಯವು. ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ ಪಕ್ಕದಲ್ಲೇ ಇದೆ. ತುಮಕೂರಿನವರು ದಾಬಸ್‌ಪೇಟೆ-ದೊಡ್ಡಬಳ್ಳಾಪುರ ಮಾರ್ಗವಾಗಿ ಬರಬೇಕಾದ್ದರಿಂದ ಆ ರಾತ್ರಿಯ ನಿದ್ದೆ ಪೂರ್ತಿ ಹಾಳು. ವಿಮಾನ ತಡವಾದರೆ ಹಡಗು ಕಾಯುವುದೂ ಇಲ್ಲ. ಸಿಂಗಪುರದಲ್ಲಿ ಒಂದು ರಾತ್ರಿ ಮೊದಲೇ ಉಳಿದರೆ ಹೋಟೆಲ್ ಖರ್ಚು ದಂಡವಲ್ಲ.

ಪೆನಾಂಗ್

ಮೂರು ಬಂದರುಗಳಲ್ಲಿ ಮಕ್ಕಳಿಗೆ ಹೇಳಿ ಮಾಡಿಸಿದ ಊರು ಇದು. ಹಡಗು ನಿಲ್ಲುವ ಸ್ವೆಟನ್‌ಹ್ಯಾಮ್ ಪಿಯರ್ ಜಾರ್ಜ್ ಟೌನ್‌ನ ಅಂಚಿನಲ್ಲೇ ಇದೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳೆಯ ಪಟ್ಟಣ. ಗೇಟಿನಿಂದ ಹೊರಗೆ ಬಂದರೆ ಐದು ನಿಮಿಷದಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನ ಗಡಿಯಾರ ಗೋಪುರ, ಅದರ ಪಕ್ಕದಲ್ಲೇ ಕಾರ್ನ್‌ವಾಲಿಸ್ ಕೋಟೆ. ಕೋಟೆಯ ಮೇಲಿನ ಹಳೆಯ ಫಿರಂಗಿಗಳನ್ನು ನೋಡಲು ಮಕ್ಕಳಿಗೆ ಅರ್ಧ ಗಂಟೆ ಕೊಡಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮೇಲೆ ಯುದ್ಧ ಮಾಡಿದ ಅದೇ ಕಾರ್ನ್‌ವಾಲಿಸ್‌ನ ಹೆಸರು ಎಂದು ಹೇಳಿದರೆ ಶಾಲೆಗೆ ಹೋಗುವ ಮಕ್ಕಳು ಕಣ್ಣರಳಿಸುತ್ತಾರೆ. ಅಲ್ಲಿಂದ ಹತ್ತು-ಹದಿನೈದು ನಿಮಿಷ ನಡೆದರೆ ಲಿಟ್ಲ್ ಇಂಡಿಯಾ. ಕ್ವೀನ್ ಸ್ಟ್ರೀಟಿನ ಮಹಾಮಾರಿಯಮ್ಮನ ಗುಡಿ 1833ರದು. ಅಂಗಡಿಯವರಲ್ಲಿ ಹೆಚ್ಚಿನವರು ತಮಿಳಿನವರೇ, ಹಾಗಾಗಿ ಕೆಜಿಎಫ್, ಬಂಗಾರಪೇಟೆ ಕಡೆಯಿಂದ ಹೋದವರಿಗೆ ಮಾತಿನ ತೊಂದರೆಯೇ ಇಲ್ಲ. ಬಾಳೆಎಲೆ ಊಟ, ಇಡ್ಲಿ, ಮೊಸರನ್ನ ಎಲ್ಲ ಸಿಗುತ್ತದೆ. ಮೂರು ದಿನ ಬಫೆ ತಿಂದು ಬೇಸತ್ತ ಮಗು ಇಲ್ಲಿ ಹೊಟ್ಟೆ ತುಂಬಾ ಉಣ್ಣುತ್ತದೆ.

ಎಡವುವುದು ಎಲ್ಲಿ ಎಂದರೆ ಪಾದಚಾರಿ ದಾರಿಯಲ್ಲಿ. ಅಂಗಡಿಗಳ ಮುಂದೆ ಸುಮಾರು ಐದಡಿ ಅಗಲದ, ಮಾಡು ಇರುವ ಜಗುಲಿ ಉದ್ದಕ್ಕೂ ಸಾಗುತ್ತದೆ. ಬಿಸಿಲು-ಮಳೆಗೆ ಒಳ್ಳೆಯ ಆಸರೆ. ಆದರೆ ಒಂದು ಅಂಗಡಿಯ ಜಗುಲಿಗೂ ಮುಂದಿನದಕ್ಕೂ ಎತ್ತರ ಬೇರೆ, ನಡುವೆ ಮೆಟ್ಟಿಲು, ಅದರ ಮೇಲೆ ನಿಲ್ಲಿಸಿದ ಬೈಕು, ಹಾಗಾಗಿ ಸ್ಟ್ರಾಲರ್ ಸಾಗುವುದಿಲ್ಲ. ಸ್ಟ್ರಾಲರ್ ರಸ್ತೆಗಿಳಿಸಿದರೆ ವಾಹನಗಳ ನಡುವೆ ತಳ್ಳಬೇಕು. ಎರಡು-ಮೂರು ವರ್ಷದ ಮಗುವಿಗೆ ಎದೆಗೆ ಅಥವಾ ಬೆನ್ನಿಗೆ ಕಟ್ಟಿಕೊಳ್ಳುವ ಬೆಲ್ಟ್ ಚೀಲವೇ ಸರಿ. ಸುಸ್ತಾದರೆ ಜಾರ್ಜ್ ಟೌನ್ ಸುತ್ತುವ ಉಚಿತ ‘ಕ್ಯಾಟ್’ ಬಸ್ ಇದೆ. ಮೂರು ಚಕ್ರದ ಸೈಕಲ್ ರಿಕ್ಷಾ ಹತ್ತುವುದಾದರೆ ದರ ಗಂಟೆಗೋ ಟ್ರಿಪ್ಪಿಗೋ, ತಲೆಗೋ ಗಾಡಿಗೋ ಎಂಬುದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಪೆನಾಂಗ್ ಹಿಲ್‌ಗೆ ಹೋಗಬೇಕೆನ್ನುವವರು ಅದೊಂದನ್ನೇ ಇಟ್ಟುಕೊಳ್ಳಿ. 833 ಮೀಟರ್ ಎತ್ತರದ ಬೆಟ್ಟಕ್ಕೆ ಹಳಿಯ ಮೇಲೆ ಎಳೆಯುವ ಫ್ಯುನಿಕ್ಯುಲರ್ ಗಾಡಿ ಇದೆ, ಮಕ್ಕಳಿಗೆ ಅದೇ ಆಕರ್ಷಣೆ. ಕೆಳನಿಲ್ದಾಣಕ್ಕೆ ಬಂದರಿನಿಂದ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ. ಹತ್ತಲು ಸಾಲು, ಇಳಿಯಲು ಅದಕ್ಕಿಂತ ಉದ್ದದ ಸಾಲು. ಶನಿವಾರ-ಭಾನುವಾರ ಹಡಗು ಬಂದರೆ ಇದನ್ನು ಕೈಬಿಡುವುದೇ ಮೇಲು. ಹಡಗು ಮಧ್ಯಾಹ್ನದ ಮೇಲೆ ಬಂದು ರಾತ್ರಿ ಹೊರಡುವ ವೇಳಾಪಟ್ಟಿಯಿದ್ದರೂ ಬೆಟ್ಟ ಬೇಡ. ಸಂಜೆ ದೀಪ ಹತ್ತಿದ ಲಿಟ್ಲ್ ಇಂಡಿಯಾ ಸಾಕು.

ಪೋರ್ಟ್ ಕ್ಲಾಂಗ್

‘ಕ್ವಾಲಾಲಂಪುರ’ ಎಂದು ಬರೆದಿದ್ದರೂ ಹಡಗು ನಿಲ್ಲುವುದು ಪೋರ್ಟ್ ಕ್ಲಾಂಗ್‌ನಲ್ಲಿ. ನಗರಕ್ಕೆ ಒಂದರಿಂದ ಒಂದೂವರೆ ಗಂಟೆ, ಸಂಜೆಯ ಟ್ರಾಫಿಕ್‌ನಲ್ಲಿ ಇನ್ನೂ ಹೆಚ್ಚು. ಹಡಗಿನ ಟೂರ್ ಪಟ್ಟಿಯಲ್ಲಿ ಬಾಟು ಗುಹೆ, ಪೆಟ್ರೊನಾಸ್ ಗೋಪುರ, ಮೆರ್ಡೆಕಾ ಚೌಕ, ಶಾಪಿಂಗ್ ನಾಲ್ಕೂ ಒಂದೇ ದಿನಕ್ಕೆ ಇರುತ್ತವೆ. ಒಂದೊಂದು ಕಡೆ ಸಿಗುವುದು ಅರ್ಧ-ಮುಕ್ಕಾಲು ಗಂಟೆ. ಮಕ್ಕಳು ಆ ದಿನದಲ್ಲಿ ನೋಡುವುದು ಹೆಚ್ಚಾಗಿ ಬಸ್ಸಿನ ಕಿಟಕಿಯನ್ನೇ. ಹೋಗುವುದಾದರೆ ಒಂದೇ ಜಾಗ ಇರುವ ಟೂರ್ ಹಿಡಿಯಿರಿ.

ನಮ್ಮ ಕಡೆಯ ಕುಟುಂಬಗಳು ಬಾಟು ಗುಹೆಯನ್ನು ಬಿಡಲು ಒಪ್ಪುವುದಿಲ್ಲ, ಕಾರಣ ಮುರುಗನ್. 42.7 ಮೀಟರ್ ಎತ್ತರದ ಚಿನ್ನದ ಬಣ್ಣದ ಮೂರ್ತಿ ಕೆಳಗಿನಿಂದಲೇ ಪೂರ್ತಿ ಕಾಣುತ್ತದೆ. ಗುಹೆಗೆ 272 ಮೆಟ್ಟಿಲು, ಕಡಿದಾಗಿವೆ. ಮಗು ಹತ್ತುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಹೊರಡುವ ಮೊದಲು ಒಂದು ಭಾನುವಾರ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಕೋಲಾರದವರು ಅಂತರಗಂಗೆ, ತುಮಕೂರಿನವರು ಸಿದ್ಧಗಂಗೆ ಬೆಟ್ಟ ಹತ್ತಿಸಿ ನೋಡಿ. ಎತ್ತಿಕೋ ಎಂದು ಕೈ ಚಾಚಿದರೆ ಅಲ್ಲೂ ಅದೇ ಆಗುತ್ತದೆ. ಬಾಟುವಿನಲ್ಲಿ ಕೋತಿಗಳ ಕಾಟ ಹೆಚ್ಚು. ಕೈಯಲ್ಲಿ ಬಾಳೆಹಣ್ಣು, ಚಿಪ್ಸ್ ಪೊಟ್ಟಣ, ಪ್ಲಾಸ್ಟಿಕ್ ಚೀಲ ಕಂಡರೆ ಕಿತ್ತುಕೊಳ್ಳುತ್ತವೆ. ಮಗುವಿನ ಕೈಯಲ್ಲಿ ಏನೂ ಕೊಡಬೇಡಿ, ನೀರಿನ ಬಾಟಲಿ ಬೆನ್ನುಚೀಲದೊಳಗಿರಲಿ. ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಅಜ್ಜಿಯನ್ನು ಕೆಳಗೆ ಕೂರಿಸಿ ಒಬ್ಬರು ಜೊತೆಗಿರಿ. ಮೆಟ್ಟಿಲಿನ ಕೆಳಗೂ ಗುಡಿಗಳಿವೆ, ದರ್ಶನಕ್ಕೆ ಕೊರತೆಯಿಲ್ಲ.

ಫುಕೆಟ್

ಇಲ್ಲಿ ಎರಡು ವಿಷಯ ಗಟ್ಟಿಯಾಗಿ ತಿಳಿದಿರಬೇಕು. ಮೊದಲನೆಯದು ಗಡಿಯಾರ. ಥಾಯ್ಲೆಂಡ್ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದಿದೆ. ಕೆಲವು ಹಡಗುಗಳು ಗಡಿಯಾರ ಬದಲಿಸುತ್ತವೆ, ಕೆಲವು ಸಿಂಗಪುರದ ಸಮಯದಲ್ಲೇ ನಡೆಯುತ್ತವೆ. ನಿಮ್ಮ ಮೊಬೈಲು ಮಾತ್ರ ದಡಕ್ಕೆ ಬಂದ ಕೂಡಲೇ ತಾನಾಗಿ ಥಾಯ್ ಸಮಯಕ್ಕೆ ಹೋಗುತ್ತದೆ. ಹಡಗು ಸಿಂಗಪುರದ ಸಮಯದಲ್ಲಿದ್ದು ‘4 ಗಂಟೆಗೆ ಕೊನೆಯ ದೋಣಿ’ ಎಂದಿದ್ದರೆ ಆ ಹೊತ್ತಿಗೆ ಮೊಬೈಲು 3 ತೋರಿಸುತ್ತಿರುತ್ತದೆ. ಇನ್ನೂ ಒಂದು ಗಂಟೆ ಇದೆ ಎಂದುಕೊಂಡವರಿಗೆ ಹಡಗು ತಪ್ಪುತ್ತದೆ. ಸಾದಾ ಕೈಗಡಿಯಾರ ಒಂದನ್ನು ಹಡಗಿನ ಸಮಯಕ್ಕೆ ಇಟ್ಟು ಕಟ್ಟಿಕೊಳ್ಳಿ. ಮೊಬೈಲಿನಲ್ಲಿ ತಾನೇ ಸಮಯ ಬದಲಿಸುವ ಸೆಟ್ಟಿಂಗ್ ಆಫ್ ಮಾಡಿ.

ಎರಡನೆಯದು ಟೆಂಡರ್, ಅಂದರೆ ಹಡಗಿನಿಂದ ದಡಕ್ಕೆ ಒಯ್ಯುವ ಸಣ್ಣ ದೋಣಿ. ಫುಕೆಟ್‌ನಲ್ಲಿ ಹಡಗು ಅನೇಕ ಸಲ ಪಾಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತದೆ. ಹಡಗಿನ ಕೆಳಭಾಗದ ಬಾಗಿಲಿನಿಂದ ದೋಣಿಗೆ ಕಾಲಿಡಬೇಕು. ಅಲೆ ಎದ್ದಾಗ ದೋಣಿ ಮೇಲೆ ಬರುತ್ತದೆ, ಇಳಿದಾಗ ಒಂದಡಿ ಕೆಳಗೆ ಹೋಗುತ್ತದೆ. ಎರಡೂ ಒಂದೇ ಮಟ್ಟಕ್ಕೆ ಬಂದ ಕ್ಷಣದಲ್ಲಿ ಇಬ್ಬರು ಸಿಬ್ಬಂದಿ ತೋಳು ಹಿಡಿದು ದಾಟಿಸುತ್ತಾರೆ. ಅವರು ಹೇಳಿದಾಗ ಮಾತ್ರ ಹೆಜ್ಜೆ ಇಡಬೇಕು. ಮಗುವನ್ನು ಎತ್ತಿಕೊಂಡು ನೀವೇ ದಾಟಲು ಹೋಗಬೇಡಿ, ಅವರ ಕೈಗೆ ಕೊಡಿ. ಸ್ಟ್ರಾಲರ್ ಮಡಚಿರಬೇಕು, ಎರಡೂ ಕೈ ಖಾಲಿ ಇರಬೇಕು, ಚಪ್ಪಲಿಗೆ ಹಿಂದೆ ಪಟ್ಟಿ ಇರಬೇಕು. ಮಂಡಿನೋವಿನ ಅಜ್ಜಿಗೆ ಇದು ಕಷ್ಟ. ದೋಣಿಯ ಟೋಕನ್ ಕೊಡುವಾಗ ಹಡಗಿನ ಟೂರ್ ಕೊಂಡವರಿಗೆ ಮೊದಲ ಸರದಿ, ಸ್ವಂತವಾಗಿ ಹೋಗುವವರು ಒಂದು ಗಂಟೆ ಕಾದರೂ ಆಶ್ಚರ್ಯವಿಲ್ಲ. ಅಲೆ ಜೋರಾದರೆ ಬಂದರನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ಮೇಯಿಂದ ಅಕ್ಟೋಬರ್‌ವರೆಗೆ ನೈಋತ್ಯ ಮುಂಗಾರಿಗೆ ಈ ಕರಾವಳಿಯ ಕಡಲು ಒರಟು. ನಮ್ಮ ದಸರಾ ರಜೆಯೂ ಬೇಸಿಗೆ ರಜೆಯ ಕೊನೆಯೂ ಇದರೊಳಗೇ ಬರುತ್ತವೆ. ಫುಕೆಟ್ ನೋಡಲೆಂದೇ ಹೋಗುವವರು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಬೇಕು.

ಏಜೆಂಟರು ಒತ್ತಿ ಮಾರುವುದು ಫಿಫಿ ದ್ವೀಪದ ಸ್ಪೀಡ್‌ಬೋಟ್ ಟೂರ್. ಸಣ್ಣ ಮಕ್ಕಳಿಗೆ ಇದು ಬೇಡವೇ ಬೇಡ. ಒಂದು ಕಡೆಗೆ ಸುಮಾರು ಒಂದು ಗಂಟೆ ದೋಣಿ ಅಲೆಯ ಮೇಲೆ ಕುಕ್ಕುತ್ತದೆ. ಮುಂದೆ ಕೂತರೆ ಬೆನ್ನುಹುರಿಗೆ ಪೆಟ್ಟು, ಹಿಂದೆ ಕೂತರೆ ಎಂಜಿನ್ ಸದ್ದು ಮತ್ತು ಪೆಟ್ರೋಲ್ ವಾಸನೆಗೆ ವಾಂತಿ. ಅನೇಕ ದೋಣಿಗಳಲ್ಲಿ ಶೌಚಾಲಯವಿಲ್ಲ. ಗರ್ಭಿಣಿಯರನ್ನು ಹತ್ತಿಸುವುದಿಲ್ಲ. ಫಿಫಿಯ ‘ಮಾಯಾ ಬೇಯಲ್ಲಿ ಈಜು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರವಾಸಿಗರ ದಟ್ಟಣೆಯಿಂದ ಹವಳ ಹಾಳಾಗಿ 2018ರಲ್ಲಿ ಮುಚ್ಚಿದ ಆ ಕಡಲತೀರ 2022ರ ಜನವರಿಯಲ್ಲಿ ತೆರೆದಾಗಿನಿಂದ ಅಲ್ಲಿ ಈಜಲು ಬಿಡುವುದಿಲ್ಲ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಪೂರ್ತಿ ಮುಚ್ಚಿರುತ್ತದೆ. ದೋಣಿಯಲ್ಲೇ ಹೋಗಬೇಕೆಂಬ ಆಸೆಯಿದ್ದರೆ ಪಾಂಗ್‌ಂಗಾ ಕೊಲ್ಲಿಯ ದೊಡ್ಡ ದೋಣಿಯ ಟೂರ್ ಆರಿಸಿ. ಸುತ್ತ ಸುಣ್ಣಕಲ್ಲಿನ ಗುಡ್ಡಗಳಿರುವುದರಿಂದ ನೀರು ಶಾಂತ.

ಹಡಗು ಆವ್ ಮಖಾಮ್ ಕಟ್ಟೆಗೆ ಬಂದರೆ ಅದೃಷ್ಟ. ಟೆಂಡರ್ ಗೋಜಿಲ್ಲ, ಫುಕೆಟ್ ಅಕ್ವೇರಿಯಂ ಅಲ್ಲಿಂದ ಹತ್ತಿರದ ಕೇಪ್ ಪನ್ವಾದಲ್ಲಿದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಅದೊಂದೇ ಸಾಕು. ಪಾಟಾಂಗ್‌ನಲ್ಲಿ ಇಳಿದರೆ ದೋಣಿ ಬಿಡುವ ಜಾಗದ ಪಕ್ಕದಲ್ಲೇ ಮರಳಿದೆ, ಎರಡು ಗಂಟೆ ಮರಳಾಟ ಆಡಿಸಿ ಬನ್ನಿ. ಕೆಂಪು ಬಾವುಟ ನೆಟ್ಟಿದ್ದರೆ ಮೊಣಕಾಲು ನೀರಿಗೂ ಇಳಿಸಬೇಡಿ, ಕಾಲಡಿಯ ಮರಳನ್ನೇ ಎಳೆದೊಯ್ಯುವ ಸೆಳೆತವಿರುತ್ತದೆ. ಆನೆಯ ಮೇಲೆ ಸವಾರಿ ಮಾಡಿಸುವ ಟೂರ್‌ಗಳನ್ನು ಬಿಟ್ಟು, ದೂರದಿಂದ ನೋಡಿ ಮೇವು ಕೊಡುವ ಆಶ್ರಯಧಾಮಗಳನ್ನು ಆರಿಸಿ. ಮಕ್ಕಳಿಗೆ ಆನೆ ಚೆನ್ನಾಗಿ ಕಾಣುವುದೂ ಅಲ್ಲೇ.

ಹಡಗಿನ ಟೂರೋ, ಸ್ವಂತ ಟ್ಯಾಕ್ಸಿಯೋ

ಹಡಗಿನ ಟೂರ್ ದುಬಾರಿ, ಆದರೆ ಅದರಲ್ಲಿ ಒಂದು ಭರವಸೆ ಸೇರಿದೆ. ಅವರ ಬಸ್ಸು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಹಡಗು ಕಾಯುತ್ತದೆ. ನಿಮ್ಮ ಟ್ಯಾಕ್ಸಿ ಸಿಕ್ಕಿಕೊಂಡರೆ ಕಾಯುವುದಿಲ್ಲ. ಬಂದರು ರದ್ದಾದರೆ ಹಡಗಿನ ಟೂರ್‌ನ ದುಡ್ಡು ವಾಪಸ್ ಬರುತ್ತದೆ, ಹೊರಗಿನ ವೆಬ್‌ಸೈಟಿನಲ್ಲಿ ಕೊಂಡದ್ದು ಅವರವರ ನಿಯಮದಂತೆ. ಆದ್ದರಿಂದ ಒಂದು ಗಂಟೆಗಿಂತ ದೂರದ ಜಾಗ, ಟೆಂಡರ್ ಬಂದರು, ಸಮುದ್ರದ ಮೇಲಿನ ಟೂರ್ ಇವು ಮೂರಕ್ಕೂ ಹಡಗಿನದೇ ಸರಿ. ಕಟ್ಟೆಗೆ ಬಂದು ನಿಲ್ಲುವ, ಊರು ಕಾಲ್ನಡಿಗೆಯಲ್ಲಿರುವ ಪೆನಾಂಗ್‌ನಂಥ ಕಡೆ ಅದಕ್ಕೆ ದುಡ್ಡು ಸುರಿಯುವುದು ವ್ಯರ್ಥ. ಹಡಗಿನ ಟೂರ್‌ಗೆ ತಲಾ ದರ, ಟ್ಯಾಕ್ಸಿಗೆ ಗಾಡಿಯ ದರ ಎಂಬುದನ್ನೂ ಗಮನದಲ್ಲಿಡಿ. ತಲೆಗೆ 60 ಡಾಲರ್ ಎಂದಿಟ್ಟುಕೊಂಡರೆ ಐದು ಜನಕ್ಕೆ 300 ಡಾಲರ್ ಆಯಿತು. ಅದೇ ಐದು ಜನ ಒಂದು ದೊಡ್ಡ ಟ್ಯಾಕ್ಸಿಯಲ್ಲಿ ಹತ್ತಿರದ ಜಾಗಕ್ಕೆ ಹೋಗಿಬರಲು ಅದರ ಸಣ್ಣ ಪಾಲು ಸಾಕು.

ಟೂರ್ ವಿವರದ ಪುಟದಲ್ಲಿ ಮೊದಲು ನೋಡಬೇಕಾದ್ದು ಚಿತ್ರವಲ್ಲ. ‘ಒಟ್ಟು ಅವಧಿ’ ಎಷ್ಟು, ಅದರಲ್ಲಿ ಪ್ರಯಾಣ ಎಷ್ಟು, ನಡಿಗೆಯ ಮಟ್ಟ ಹಗುರವೋ ಕಠಿಣವೋ, ಮೆಟ್ಟಿಲುಗಳಿವೆಯೇ, ಕನಿಷ್ಠ ವಯಸ್ಸು ಅಥವಾ ಎತ್ತರ ಏನು, ಮಕ್ಕಳ ಟಿಕೆಟ್ ಎಷ್ಟು ವರ್ಷದವರೆಗೆ, ಊಟ ಸೇರಿದೆಯೇ, ಸಸ್ಯಾಹಾರ ಇದೆಯೇ. ಇಷ್ಟನ್ನೂ ಏಜೆಂಟರ ಬಳಿ ಬಾಯಿಮಾತಿಗೆ ಬಿಡದೆ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಒಳ್ಳೆಯ ಸಮಯದ ಟೂರ್‌ಗಳು ಹಡಗು ಹತ್ತುವ ಮೊದಲೇ ಆನ್‌ಲೈನ್‌ನಲ್ಲಿ ತುಂಬಿಹೋಗುತ್ತವೆ. ಮೊದಲೇ ಕೊಳ್ಳಿ, ಆದರೆ ರದ್ದು ಮಾಡಲು ಕೊನೆಯ ಗಡುವು ಯಾವಾಗ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಹಿಂದಿನ ರಾತ್ರಿ ಮಗುವಿಗೆ ಜ್ವರ ಬಂದರೆ ದುಡ್ಡು ಹೋಗುವುದು ಆ ಗಡುವು ದಾಟಿರುವುದರಿಂದ.

ಟ್ಯಾಕ್ಸಿಗೆ ಮೂರೂ ದೇಶದಲ್ಲಿ ಗ್ರ್ಯಾಬ್ ಆ್ಯಪ್ ನಡೆಯುತ್ತದೆ. ಅದನ್ನು ಊರಲ್ಲೇ ಹಾಕಿ, ನಂಬರ್ ದೃಢೀಕರಿಸಿ, ಕಾರ್ಡ್ ಸೇರಿಸಿ. ಅಲ್ಲಿಗೆ ಹೋದ ಮೇಲೆ ಒಟಿಪಿ ಬರುವುದು ಭಾರತದ ಸಿಮ್‌ಗೆ, ರೋಮಿಂಗ್ ಇಲ್ಲದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಸಿಂಗಪುರದಲ್ಲಿ 1.35 ಮೀಟರ್‌ಗಿಂತ ಕುಳ್ಳಗಿರುವ ಮಗುವಿಗೆ ಕಾರಿನಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ಮೀಟರ್ ಟ್ಯಾಕ್ಸಿಗೆ ಮಾತ್ರ ವಿನಾಯಿತಿ. ಆ್ಯಪ್‌ನಲ್ಲಿ ಕರೆದ ಖಾಸಗಿ ಕಾರಿನವರು ಮಗುವನ್ನು ನೋಡಿ ಹತ್ತಿಸಿಕೊಳ್ಳದೆ ಹೋಗುವುದು ಇದೇ ಕಾರಣಕ್ಕೆ, ಜಗಳವಾಡಿ ಫಲವಿಲ್ಲ. ಸಮುದ್ರದ ಮೇಲೆ ಮೊಬೈಲನ್ನು ಫ್ಲೈಟ್ ಮೋಡ್‌ನಲ್ಲೇ ಇಡಿ. ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ನಿಮ್ಮ ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸುವುದಿಲ್ಲ, ಬಿಲ್ಲು ಸಾವಿರಗಳಲ್ಲಿ ಬರುತ್ತದೆ.

ಊಟದ ವಿಷಯದಲ್ಲಿ ಹಡಗಿಗಿಂತ ದಡದಲ್ಲೇ ಜಾಗ್ರತೆ ಬೇಕು. ಥಾಯ್ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಮಲೇಷ್ಯಾದ ಚಟ್ನಿಗಳಲ್ಲಿ ಸೀಗಡಿಯ ಪೇಸ್ಟ್ ಇರುತ್ತದೆ. ‘ವೆಜ್’ ಎಂದರೆ ಸಾಲದು, ಮೀನು, ಸೀಗಡಿ, ಮೊಟ್ಟೆ ಯಾವುದೂ ಬೇಡ ಎಂದು ಬಿಡಿಸಿ ಹೇಳಬೇಕು. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿಗಳಲ್ಲಿ ಮಾಂಸ-ಮೀನು ಎರಡೂ ಇರುವುದಿಲ್ಲ. ಮನೆಯಿಂದ ನಿಪ್ಪಟ್ಟು, ಕೋಡುಬಳೆ, ಚಟ್ನಿಪುಡಿ ಒಯ್ಯುವವರು ಅಂಗಡಿಯಲ್ಲಿ ಸೀಲ್ ಮಾಡಿದ ಪೊಟ್ಟಣವನ್ನೇ ಒಯ್ಯಿರಿ. ಡಬ್ಬಿಯಲ್ಲಿ ತುಂಬಿದ ಅಡುಗೆಯನ್ನು ಹಡಗಿಗೆ ಬಿಡುವುದಿಲ್ಲ. ರಾಗಿ ಸರಿ ಮಾಡಲು ಎಲೆಕ್ಟ್ರಿಕ್ ಕೆಟಲ್ ಹಾಕಿಕೊಂಡರೆ ಅದನ್ನು ತಪಾಸಣೆಯಲ್ಲೇ ತೆಗೆದಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಇಸ್ತ್ರಿ ಪೆಟ್ಟಿಗೆಗೂ ಅದೇ ಗತಿ. ಬಿಸಿನೀರನ್ನು ಬಫೆಯಲ್ಲಿ ಕೇಳಿದರೆ ಫ್ಲಾಸ್ಕ್‌ಗೆ ತುಂಬಿಕೊಡುತ್ತಾರೆ. ಬಫೆಯ ಹಣ್ಣನ್ನು ಮಗುವಿಗೆಂದು ದಡಕ್ಕೆ ಒಯ್ಯಬೇಡಿ, ಬಂದರಿನ ತಪಾಸಣೆಯಲ್ಲಿ ತಡೆಯುತ್ತಾರೆ. ಸಿಂಗಪುರಕ್ಕೆ ಚ್ಯೂಯಿಂಗ್ ಗಮ್ ಒಯ್ಯುವಂತಿಲ್ಲ, ಮಕ್ಕಳ ಜೇಬು ನೋಡಿ. ವಾಂತಿಗೆ ಔಷಧಿಯನ್ನು ಊರಿನ ಮಕ್ಕಳ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ದೊಡ್ಡವರು ಬಸ್ಸಿಗೆ ನುಂಗುವ ಪ್ರೊಮೆಥಜೀನ್ ಜಾತಿಯ ಮಾತ್ರೆಯನ್ನು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು.

ಕಾಗದಪತ್ರದಲ್ಲಿ ಕೈಕೊಡುವುದು ಮುಖ್ಯವಾಗಿ ಸಿಂಗಪುರದ ವೀಸಾ. ಹಡಗು ಹತ್ತಿದ ಕೂಡಲೇ ನೀವು ಸಿಂಗಪುರ ಬಿಟ್ಟ ಹಾಗೆ, ವಾಪಸ್ ಬಂದಾಗ ಎರಡನೆಯ ಪ್ರವೇಶ. ಮಲ್ಟಿಪಲ್ ಎಂಟ್ರಿ ವೀಸಾ ಇದೆಯೇ ಎಂದು ಪ್ರತಿಯೊಬ್ಬರ ಹೆಸರಿನ ಮುಂದೆಯೂ ನೋಡಿ. ಸಿಂಗಪುರದ ಆನ್‌ಲೈನ್ ಅರೈವಲ್ ಕಾರ್ಡ್ ಅನ್ನೂ ಎರಡು ಸಲ ತುಂಬಬೇಕು. ಮಲೇಷ್ಯಾ, ಥಾಯ್ಲೆಂಡ್ ಎರಡಕ್ಕೂ ತಮ್ಮ ತಮ್ಮ ಡಿಜಿಟಲ್ ಅರೈವಲ್ ಕಾರ್ಡ್‌ಗಳಿವೆ, ಅವುಗಳನ್ನು ಯಾರು ತುಂಬುತ್ತಾರೆ ಎಂದು ಏಜೆಂಟರನ್ನು ಕೇಳಿ. ವೀಸಾ ವಿನಾಯಿತಿಯ ನಿಯಮ ಬದಲಾಗುತ್ತಿರುವುದರಿಂದ ಬುಕ್ ಮಾಡುವಾಗ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಸರ್ಕಾರಿ ವೆಬ್‌ಸೈಟ್‌ನಲ್ಲೇ ನೋಡಿ. ಮಗುವಿಗೆ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ಅರ್ಜಿಗೆ ತಂದೆ-ತಾಯಿ ಇಬ್ಬರೂ ಸಹಿ ಹಾಕಿದ ಅನೆಕ್ಷರ್ ಡಿ ಎಂಬ ಘೋಷಣಾ ಪತ್ರ ಲಗತ್ತಿಸಬೇಕು. ಮಕ್ಕಳ ಪಾಸ್‌ಪೋರ್ಟ್ ಅವಧಿ ಐದೇ ವರ್ಷವಾದ್ದರಿಂದ ಆರು ತಿಂಗಳ ಬಾಕಿ ಉಳಿದಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪ್ಯಾಕೇಜ್ ದರ ಕೇಳುವಾಗ ಬಂದರು ಶುಲ್ಕ, ದಿನಕ್ಕೆ ತಲಾ ಬೀಳುವ ಗ್ರಾಚ್ಯುಟಿ (ಹಡಗಿನ ಸಿಬ್ಬಂದಿಯ ಟಿಪ್ಸ್), ಟಿಸಿಎಸ್ (ಪ್ಯಾಕೇಜ್ ಮಾರುವವರು ಮೊದಲೇ ವಸೂಲು ಮಾಡುವ ತೆರಿಗೆ) ಮೂರೂ ಸೇರಿದೆಯೇ ಎಂದು ಕೇಳಿ. ಗ್ರಾಚ್ಯುಟಿ ಮಕ್ಕಳ ತಲೆಯ ಮೇಲೂ ಬೀಳುತ್ತದೆ. ಟಿಸಿಎಸ್ ಅನ್ನು ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು, ಅದಕ್ಕೆ ರಸೀದಿ ಬೇಕು.

ಇಷ್ಟೆಲ್ಲ ಖರ್ಚಿಗೆ ಮೊದಲು ಮಕ್ಕಳಿಗೆ ಕಡಲು ಒಗ್ಗುತ್ತದೆಯೇ ಎಂದು ನೋಡಬೇಕೆನ್ನುವವರಿಗೆ ಭಾರತದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಇದೆ. 1990ರಲ್ಲಿ ಕಟ್ಟಿದ, ಹಿಂದೆ ರಾಯಲ್ ಕೆರಿಬಿಯನ್‌ನಲ್ಲಿದ್ದ ಹಡಗು. ಗಾತ್ರದಲ್ಲಿ ಸಿಂಗಪುರದ ಹಡಗುಗಳ ಮುಂದೆ ಚಿಕ್ಕದು. ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೂ, ಮುಂಗಾರಿನ ತಿಂಗಳುಗಳಲ್ಲಿ ಚೆನ್ನೈನಿಂದ ಶ್ರೀಲಂಕಾಕ್ಕೂ ಹೋಗಿದೆ. ಕೋಲಾರದವರಿಗೆ ಚೆನ್ನೈ ಅನುಕೂಲ, ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ನೇರ ಸೆಂಟ್ರಲ್. ಶ್ರೀಲಂಕಾದ ಗಡಿಯಾರವೂ ನಮ್ಮದೇ, ಮಕ್ಕಳ ನಿದ್ದೆ ಕೆಡುವುದಿಲ್ಲ. ಟ್ರಿಂಕೋಮಲಿಯಲ್ಲಿ ಕಡಲ ಬಂಡೆಯ ಮೇಲಿನ ಕೋಣೇಶ್ವರ ಗುಡಿ ಊರಿಗೆ ಹತ್ತಿರ. ಜಾಫ್ನಾದ ನಲ್ಲೂರು ಗುಡಿಯಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು. ಹಂಬನ್‌ತೋಟದಿಂದ ಯಾಲ ರಾಷ್ಟ್ರೀಯ ಉದ್ಯಾನಕ್ಕೆ ಜೀಪ್ ಸಫಾರಿ ಎಂದರೆ ಗಂಟೆಗಟ್ಟಲೆ ಧೂಳು ಮತ್ತು ಕುಲುಕಾಟ, ಐದು ವರ್ಷದೊಳಗಿನವರಿಗೆ ಬೇಡ. ಅದೇ ಜಿಲ್ಲೆಯ ರಿದಿಯಗಮ ಸಫಾರಿ ಪಾರ್ಕ್‌ನಲ್ಲಿ ಬಸ್ಸಿನಲ್ಲೇ ಕೂತು ಪ್ರಾಣಿ ನೋಡಬಹುದು. ಲಕ್ಷದ್ವೀಪದಲ್ಲಿ ದಡಕ್ಕೆ ಹೋಗುವುದು ಸಣ್ಣ ದೋಣಿಗಳಲ್ಲಿ. ಮಕ್ಕಳು ದಡದಲ್ಲಿ ಬಿದ್ದ ಹವಳದ ತುಂಡು ಆಯ್ದುಕೊಂಡರೆ ಅಲ್ಲೇ ಬಿಡಿಸಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳ ಒಯ್ಯುವುದು ಅಪರಾಧ.

ದಡಕ್ಕಿಳಿಯುವ ಚೀಲದಲ್ಲಿ, ಅಕಸ್ಮಾತ್ ಹಡಗು ತಪ್ಪಿದರೆ ಒಂದು ರಾತ್ರಿ ಕಳೆಯುವಷ್ಟು ಸಾಮಾನು ಇರಬೇಕು. ಎಲ್ಲರ ಪಾಸ್‌ಪೋರ್ಟ್, ವೀಸಾ ಎರಡರದೂ ಜೆರಾಕ್ಸ್, ಒಂದು ಕಾರ್ಡು, ಅಲ್ಲಿನ ನಗದು, ಮಗುವಿನ ಔಷಧಿ, ಎರಡು ಡೈಪರ್, ಒಂದು ಜೊತೆ ಬಟ್ಟೆ. ಹಡಗಿನ ದಿನಪತ್ರಿಕೆಯಲ್ಲಿ ಆ ಬಂದರಿನಲ್ಲಿ ಹಡಗಿನವರ ಪರವಾಗಿ ಇರುವ ಪೋರ್ಟ್ ಏಜೆಂಟರ ಫೋನ್ ನಂಬರ್ ಅಚ್ಚಾಗಿರುತ್ತದೆ. ಇಳಿಯುವ ಮೊದಲು ಅದರ ಫೋಟೊ ತೆಗೆದುಕೊಳ್ಳಿ, ದೊಡ್ಡ ಮಕ್ಕಳ ಜೇಬಿಗೂ ಚೀಟಿಯಲ್ಲಿ ಬರೆದು ಹಾಕಿ. ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ ಆ ನಂಬರಿಗೆ ಫೋನ್ ಮಾಡಿ, ಬಂದರು ತಲುಪುವವರೆಗೆ ಕಾಯಬೇಡಿ. ಸಾಮಾನ್ಯವಾಗಿ ಹಡಗಿನವರು ಹಡಗಿನಲ್ಲಿರುವ ನಿಮ್ಮ ಪಾಸ್‌ಪೋರ್ಟ್‌ಗಳನ್ನು ತೆಗೆದು ಆ ಏಜೆಂಟರ ಕೈಗೆ ಕೊಟ್ಟು ಹೋಗುತ್ತಾರೆ. ಮುಂದಿನ ಬಂದರಿಗೋ ಸಿಂಗಪುರಕ್ಕೋ ವಿಮಾನದಲ್ಲಿ ಹೋಗುವ ಖರ್ಚು ನಿಮ್ಮದೇ. ಪ್ರಯಾಣ ವಿಮೆ ಮಾಡಿಸುವಾಗ ಹಡಗು ತಪ್ಪಿದ ಖರ್ಚೂ ಅದರಲ್ಲಿ ಸೇರಿದೆಯೇ ಎಂದು ಪಾಲಿಸಿಯ ಒಳಪುಟ ತೆಗೆದು ಓದಿ.